ನೆಲದಡಿ ಅಷ್ಟೆಲ್ಲಾ ಇರುವ ದೇಶಕ್ಕೆ ಹೊರಗಿನ ನೆರವು ಯಾಕೆ ಬೇಕು? ಮಕ್ಕಳಿಗೆ ಏನು ಹೇಳಲಿ?

ಗಡಿನಾಡ ಟೀಚರ್, ಬದಿಯಡ್ಕ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಶಾಲೆಯಲ್ಲಿ ಪ್ಲಸ್ ಟು ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಕಳೆದ ವಾರ ವಿದೇಶಿ ನೆರವಿನ ವಿಷಯ ಬಂತು. ಬೋರ್ಡಿನಲ್ಲಿ ಆಫ್ರಿಕಾದ ನಕ್ಷೆ ಬರೆದು ನಡುವೆ ಕಾಂಗೋವನ್ನು ಗುರುತು ಮಾಡಿದೆ. ಜಗತ್ತಿನ ಗಣಿಗಳಿಂದ ಹೊರಬರುವ ಕೋಬಾಲ್ಟಿನಲ್ಲಿ ನೂರಕ್ಕೆ 70ರಷ್ಟು ಇಲ್ಲಿಯದೇ, ನಿಮ್ಮ ಮನೆಯ ಮೊಬೈಲಿನ ಬ್ಯಾಟರಿಯಲ್ಲೂ ಅದು ಇರಬಹುದು, ಆದರೂ ಈ ದೇಶ ಹೊರಗಿನವರ ನೆರವನ್ನು ನೆಚ್ಚಿಕೊಂಡಿದೆ ಅಂತ ಹೇಳಿದೆ.

ಆಗ ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. "ಟೀಚರ್, ನನ್ನ ಅಪ್ಪ ಇರುವುದು ಅಬುಧಾಬಿಯಲ್ಲಿ. ಅಲ್ಲಿ ನೆಲದಡಿ ಎಣ್ಣೆ ಉಂಟು, ಅವರು ಬೇರೆಯವರಿಗೆ ಕೊಡುತ್ತಾರೆ. ಕಾಂಗೋದಲ್ಲೂ ನೆಲದಡಿ ಅಷ್ಟೆಲ್ಲಾ ಉಂಟು, ಅವರು ಬೇರೆಯವರಿಂದ ತೆಗೆದುಕೊಳ್ಳುತ್ತಾರೆ. ಯಾಕೆ ಹಾಗೆ?" ಅಂತ ಕೇಳಿದಳು. ಹಿಂದಿನಿಂದ ಒಬ್ಬ ಹುಡುಗ, "ಕೊಡುವವರು ಕಲ್ಲು ನೋಡಿಯೇ ಕೊಡುವುದು" ಅಂದ.

ಅಲ್ಲಿ ಯುದ್ಧ ಉಂಟು, ಭ್ರಷ್ಟಾಚಾರ ಉಂಟು ಅಂತ ನಾನು ಏನೋ ಹೇಳಿ ಮುಂದೆ ಹೋದೆ. ಆದರೆ ಅವಳಿಗೆ ಸಮಾಧಾನ ಆಗಿರಲಿಲ್ಲ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ನನಗೂ ಆಗಲಿಲ್ಲ. ಒಂದು ದೇಶದಲ್ಲಿ ಎಣ್ಣೆ, ಅದಿರು ಸಿಕ್ಕಿದರೆ ಶ್ರೀಮಂತ ದೇಶಗಳು ಕೊಡುವ ನೆರವು ಜಾಸ್ತಿ ಆಗುತ್ತದಾ, ಕಡಿಮೆ ಆಗುತ್ತದಾ? ಪುಸ್ತಕದಲ್ಲಿ ಇದಕ್ಕೆ ನೇರ ಉತ್ತರ ಇಲ್ಲ. ಗೊತ್ತಿರುವವರು ಹೇಳಿ. ನಮ್ಮ ಮಕ್ಕಳಿಗೆ ಹಿಡಿಸುವ ಉದಾಹರಣೆ ಸಿಕ್ಕಿದರೆ ಇನ್ನೂ ಒಳ್ಳೆಯದು.

ಚಂದ್ರಗಿರಿ ದಡ:

ಟೀಚರೇ, ಆ ಹುಡುಗಿಗೆ ಮೊದಲು ತಲೆ ಎಣಿಸಲಿಕ್ಕೆ ಹೇಳಿ. ಯುಎಇಯ ಸ್ವಂತ ಪ್ರಜೆಗಳು ಸುಮಾರು 10 ಲಕ್ಷ. ಕಾಂಗೋದಲ್ಲಿ 10 ಕೋಟಿಗೂ ಜಾಸ್ತಿ ಜನ. ಗಣಿ ಎಷ್ಟೇ ದೊಡ್ಡದಿರಲಿ, ಅಷ್ಟು ತಲೆಗೆ ಹಂಚಿದರೆ ಕೈಗೆ ಬರುವುದು ಎಷ್ಟು? ಅದರ ಮೇಲೆ ಕೋಬಾಲ್ಟಿನ ಶುದ್ಧೀಕರಣ ಬಹುಪಾಲು ನಡೆಯುವುದು ಚೀನಾದಲ್ಲಿ. ಬೆಲೆ ಏರುವ ಕೆಲಸವೆಲ್ಲ ಹೊರಗೆ, ಹೊಂಡ ಮಾತ್ರ ಕಾಂಗೋದಲ್ಲಿ.

ಈಗ ನಿಮ್ಮ ಪ್ರಶ್ನೆ. ಎರಡೂ ಆಗುತ್ತದೆ, ಅದಕ್ಕೇ ನೇರ ಉತ್ತರ ಇಲ್ಲದ್ದು.

ಕಡಿಮೆ ಆಗುವುದು ಹೇಗೆ ಅಂದರೆ, ಕೊಡುವವರ ಕೈಯಲ್ಲಿರುವ ಮುಖ್ಯ ಅಳತೆಗೋಲು ತಲಾ ಆದಾಯ. ವಿಶ್ವಬ್ಯಾಂಕಿನ ಐಡಿಎ ಅಂತ ಒಂದು ಅಂಗ ಉಂಟು, 1960ರಲ್ಲಿ ಶುರುವಾದದ್ದು. ಬಡ ದೇಶಗಳಿಗೆ ಅನುದಾನ ಮತ್ತು ತೀರಾ ಕಡಿಮೆ ಬಡ್ಡಿಯ ಸಾಲ ಕೊಡುತ್ತದೆ. ಅಲ್ಲಿ ತಲಾ ಆದಾಯಕ್ಕೆ ಒಂದು ಗೆರೆ ಎಳೆದಿದ್ದಾರೆ. ಎಣ್ಣೆ ಸಿಕ್ಕಿದ ಕೂಡಲೇ ಸರಾಸರಿ ಆ ಗೆರೆ ದಾಟಿಬಿಡುತ್ತದೆ, ಜನರ ಬದುಕು ದಾಟಿದೆಯಾ ಅಂತ ಗೆರೆ ನೋಡುವುದಿಲ್ಲ. ಈಕ್ವಟೋರಿಯಲ್ ಗಿನಿ ನೋಡಿ. 1990ರ ದಶಕದ ನಡುವೆ ಅಲ್ಲಿನ ಕಡಲಲ್ಲಿ ದೊಡ್ಡ ಎಣ್ಣೆ ನಿಕ್ಷೇಪ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ತಲಾ ಆದಾಯ ಆಫ್ರಿಕಾದಲ್ಲೇ ಮೇಲಿನ ಸಾಲಿಗೆ ಬಂತು. 2017ರಲ್ಲಿ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೆಸರೂ ಹೋಯಿತು. ಅಲ್ಲಿ 1979ರಿಂದ ಅಧ್ಯಕ್ಷರು ಒಬ್ಬರೇ. ಎಣ್ಣೆಯ ಹಣ ಅವರ ಸುತ್ತಮುತ್ತಲೇ ಉಳಿಯಿತು, ಸಾಮಾನ್ಯ ಜನರಿಗೆ ಕುಡಿಯುವ ನೀರಿನದ್ದೂ ಆಸ್ಪತ್ರೆಯದ್ದೂ ಕಷ್ಟ ಹಾಗೇ ಉಳಿಯಿತು.

ಇದೇ ಗೆರೆಯನ್ನು ಮರ್ಯಾದೆಯಿಂದ ದಾಟಿದವರೂ ಇದ್ದಾರೆ. ಬೋಟ್ಸ್ವಾನಾ 1966ರಲ್ಲಿ ಸ್ವತಂತ್ರವಾದಾಗ ಸರ್ಕಾರದ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಬ್ರಿಟನ್ನಿನ ಅನುದಾನ. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಗಣಿ ಕಂಪನಿಯಲ್ಲಿ ಸರ್ಕಾರ ಸಮಪಾಲು ತೆಗೆದುಕೊಂಡಿತು, ಹಣವನ್ನು ಶಾಲೆ, ರಸ್ತೆ, ಆಸ್ಪತ್ರೆಗೆ ಹಾಕಿತು. 1994ರಲ್ಲಿ ಅದೇ ಪಟ್ಟಿಯಿಂದ ಹೊರಬಂತು. ಅಲ್ಲೂ ನೆರವು ಕಡಿಮೆಯಾಯಿತು, ಆದರೆ ಆ ಹೊತ್ತಿಗೆ ಅವರಿಗೆ ಅಷ್ಟು ಬೇಕಾಗಿರಲಿಲ್ಲ.

ಜಾಸ್ತಿ ಆಗುವುದು ಕೊಡುವವರ ಆಸಕ್ತಿಯಿಂದ. ಅಲೆಸಿನಾ ಮತ್ತು ಡಾಲರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2000ದಲ್ಲಿ ಯಾರು ಯಾರಿಗೆ ಯಾಕೆ ಕೊಡುತ್ತಾರೆ ಅಂತ ಲೆಕ್ಕ ಹಾಕಿ ನೋಡಿದರು. ತೆಗೆದುಕೊಳ್ಳುವವರ ಬಡತನಕ್ಕಿಂತ, ಅವರು ಮೊದಲು ಯಾರ ವಸಾಹತು ಆಗಿದ್ದರು, ವಿಶ್ವಸಂಸ್ಥೆಯಲ್ಲಿ ಯಾರ ಜೊತೆ ಮತ ಹಾಕುತ್ತಾರೆ ಅನ್ನುವುದೇ ಎದ್ದು ಕಂಡಿತು. ನಿಮ್ಮ ಹಿಂದಿನ ಬೆಂಚಿನ ಹುಡುಗ ಹೇಳಿದ ಕಲ್ಲು ಇಂಥ ಆಸಕ್ತಿಗಳಲ್ಲಿ ಒಂದು. ಒಂದೇ ಅಲ್ಲ, ಆದರೆ ಸಣ್ಣದೂ ಅಲ್ಲ.

ಪೆರ್ಲದ ಕೃಷಿಕ:

ನಾನು ಅರ್ಥಶಾಸ್ತ್ರ ಓದಿದವನಲ್ಲ. ಆದರೆ ಇದನ್ನು ಓದುವಾಗ ಒಂದು ವಿಷಯ ನೆನಪಾಯಿತು, ಹೇಳುತ್ತೇನೆ, ಸರಿಯಾ ಅಂತ ನೀವು ನೋಡಿ.

ಕೆಲವು ವರ್ಷದ ಹಿಂದೆ ನಮ್ಮ ಅಡಿಕೆ ತೋಟಕ್ಕೆ ಮಹಾಳಿ ರೋಗ ಜೋರು ಬಂತು. ಮದ್ದು ಬಿಡಲಿಕ್ಕೆ ಮಳೆ ಬಿಡಲಿಲ್ಲ, ಅರ್ಧಕ್ಕರ್ಧ ಅಡಿಕೆ ಬುಡಕ್ಕೆ ಬಿತ್ತು. ಮಗಳಿಗೆ ಫೀಸು ಕಟ್ಟಬೇಕಿತ್ತು. ಒಂದು ಅಡಿಕೆ ಅಂಗಡಿಯಿಂದ ಮುಂಗಡ ತಂದೆ. ಬಡ್ಡಿ ಬೇಡ, ಅಡಿಕೆ ಒಣಗಿ ಚಾಲಿ ಆದ ಮೇಲೆ ನಮಗೇ ಕೊಟ್ಟರೆ ಸಾಕು ಅಂದರು. ದೊಡ್ಡ ಉಪಕಾರ ಆಯಿತು ಅಂತಲೇ ನಾನು ಮನೆಗೆ ಬಂದದ್ದು.

ಒಣಗಿಸಿ, ಸುಲಿಸಿ, ಗೋಣಿ ಕಟ್ಟಿ ಕೊಂಡುಹೋದೆ. ಅಂಗಡಿಯವರು ಗೋಣಿ ಬಿಚ್ಚಿ ಕೈ ಹಾಕಿ ಒಂದು ಮುಷ್ಟಿ ತೆಗೆದು, ನಾಲ್ಕು ಅಡಿಕೆ ತುಂಡು ಮಾಡಿ ನೋಡಿದರು. ಪಟೋರ ಜಾಸ್ತಿ ಉಂಟಲ್ಲ, ಕರಿಗೋಟೂ ಉಂಟು, ಅಂದರೆ ಕಡಿಮೆ ದರ್ಜೆಯ ಅಡಿಕೆ ಉಂಟು ಅಂತ ಹೇಳಿ ಒಂದು ದರ ಬರೆದರು. ಅದೇ ದಿನ ಎದುರು ಸಾಲಿನ ಅಂಗಡಿಯಲ್ಲಿ ಕಿಲೋಗೆ ಅದಕ್ಕಿಂತ ಹದಿನೈದು ರೂಪಾಯಿ ಜಾಸ್ತಿ ಇತ್ತು. ನಾನು ಏನು ಹೇಳಲಿ? ಮುಂಗಡ ತಂದವನ ಬಾಯಿ ದರ ಕೇಳಲಿಕ್ಕೆ ಏಳುವುದಿಲ್ಲ. ಬಡ್ಡಿ ಇಲ್ಲ ಅಂದದ್ದು ಸುಳ್ಳಲ್ಲ, ಅದು ದರದಲ್ಲಿ ಹೋಯಿತು ಅಷ್ಟೆ. ಆದರೆ ಆ ಹೊತ್ತಿಗೆ ಬ್ಯಾಂಕಿನವರು ಕೊಡಲಿಲ್ಲ, ಕೊಟ್ಟದ್ದು ಅವರೇ. ಮಗಳ ಓದು ನಿಲ್ಲಲಿಲ್ಲ. ಅದನ್ನೂ ನಾನು ಮರೆಯುವ ಹಾಗಿಲ್ಲ.

ದೇಶಗಳ ನಡುವೆಯೂ ಹೀಗೆ ಉಂಟಾ?

ಚಂದ್ರಗಿರಿ ದಡ:

ಉಂಟು ಅಣ್ಣ, ಹೆಚ್ಚುಕಡಿಮೆ ಇದೇ.

ಅಂಗೋಲಾದಲ್ಲಿ 1975ರಿಂದ 2002ರ ತನಕ ಅಂತರ್ಯುದ್ಧ. ಮುಗಿದಾಗ ರೈಲು ಹಳಿ, ಸೇತುವೆ, ರಸ್ತೆ ಯಾವುದೂ ಸರಿ ಉಳಿದಿರಲಿಲ್ಲ. ದೇಶಗಳಿಗೆ ಸಾಲ ಕೊಡುವ ಅಂತಾರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಹತ್ತಿರ ಮಾತುಕತೆ ನಡೆಯುತ್ತಿತ್ತು, ಎಣ್ಣೆಯ ಹಣ ಎಲ್ಲಿ ಹೋಗುತ್ತದೆ ಅಂತ ಲೆಕ್ಕ ತೋರಿಸಿ ಅಂತ ಅವರು ಪಟ್ಟು ಹಿಡಿದರು. ಆಗ 2004ರಲ್ಲಿ ಚೀನಾದ ಸರ್ಕಾರಿ ಎಕ್ಸಿಮ್ ಬ್ಯಾಂಕ್ 200 ಕೋಟಿ ಡಾಲರ್ ಸಾಲ ಕೊಟ್ಟಿತು. ಲೆಕ್ಕ ಕೇಳಲಿಲ್ಲ. ತೀರಿಸುವುದು ಎಣ್ಣೆಯಲ್ಲಿ, ಕೆಲಸ ಬಹುಪಾಲು ಚೀನಾದ ಕಂಪನಿಗಳಿಗೆ. ನಿಮ್ಮ ಮುಂಗಡವೇ ಅಲ್ವಾ ಇದು? ರಸ್ತೆ, ಆಸ್ಪತ್ರೆ ಆದದ್ದು ಸುಳ್ಳಲ್ಲ. ಎಣ್ಣೆಯ ಹಣದ ಲೆಕ್ಕ ಜನರ ಮುಂದೆ ಬರಲಿಲ್ಲ ಅನ್ನುವುದೂ ಸುಳ್ಳಲ್ಲ.

ಕಾಂಗೋದಲ್ಲಿ 2008ರಲ್ಲಿ ಸಿಕೋಮೈನ್ಸ್ ಅಂತ ಒಂದು ಒಪ್ಪಂದ ಆಯಿತು. ತಾಮ್ರ ಮತ್ತು ಕೋಬಾಲ್ಟ್ ಗಣಿಯಲ್ಲಿ ಚೀನಾದ ಕಂಪನಿಗಳಿಗೆ ದೊಡ್ಡ ಪಾಲು, ಬದಲಿಗೆ ರಸ್ತೆ, ಆಸ್ಪತ್ರೆ. ಮೊದಲು 900 ಕೋಟಿ ಡಾಲರಿನದ್ದು. ಇಷ್ಟು ಸಾಲ ಹೊತ್ತುಕೊಂಡರೆ ಹಳೇ ಸಾಲ ಮನ್ನಾ ಮಾಡುವುದು ಹೇಗೆ ಅಂತ ಐಎಂಎಫ್ ತಕರಾರು ತೆಗೆದ ಮೇಲೆ 600 ಕೋಟಿಗೆ ಇಳಿಸಿದರು. ಸಿಕ್ಕಿದ್ದು ಕಡಿಮೆ ಆಯಿತು ಅಂತ ಕಾಂಗೋ ಪುನಃ ಜಗಳ ತೆಗೆದು 2024ರಲ್ಲಿ ಒಪ್ಪಂದ ತಿದ್ದಿಸಿಕೊಂಡಿತು.

ಚೀನಾ ಮಾತ್ರ ಹೀಗೆ ಅಂತ ಮಕ್ಕಳಿಗೆ ಹೇಳಬೇಡಿ ಟೀಚರೇ. ಕಾಂಗೋ ಮತ್ತು ಜಾಂಬಿಯಾದ ತಾಮ್ರದ ಊರುಗಳಿಂದ ಅಂಗೋಲಾದ ಲೊಬಿಟೊ ಬಂದರಿಗೆ ಬರುವ ರೈಲು ಮಾರ್ಗಕ್ಕೆ ಈಗ ಅಮೆರಿಕ ಮತ್ತು ಯುರೋಪ್ ಹಣ ಹಾಕುತ್ತಿವೆ. 2024ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಬೈಡನ್ ಅಂಗೋಲಾಕ್ಕೆ ಹೋದಾಗ ಲೊಬಿಟೊಗೂ ಹೋಗಿದ್ದರು. ಎದುರು ಸಾಲಿನಲ್ಲಿ ಇನ್ನೊಂದು ಅಂಗಡಿ ತೆರೆದ ಹಾಗೆ. ಎರಡು ಅಂಗಡಿ ಇದ್ದರೆ ಬೆಳೆದವನಿಗೆ ದರ ಕೇಳುವ ಧೈರ್ಯ ಸ್ವಲ್ಪ ಬರುತ್ತದೆ.

ಕುವೈತ್ ವಾಪಸಿ, ಉಪ್ಪಳ:

ಟೀಚರೇ, ಆ ಮಗುವಿನ ಪ್ರಶ್ನೆಯಲ್ಲಿ ಗಲ್ಫಿನ ಭಾಗ ನಾನು ಹೇಳುತ್ತೇನೆ. ಹನ್ನೊಂದು ವರ್ಷ ಅಲ್ಲಿ ದುಡಿದವನು ನಾನು.

ಕುವೈತ್ ಸ್ವತಂತ್ರವಾದದ್ದು 1961ರಲ್ಲಿ. ಬೇರೆ ದೇಶಗಳಿಗೆ ಸಾಲ ಕೊಡುವ ಕುವೈತ್ ಫಂಡ್ ಶುರುವಾದದ್ದೂ ಅದೇ ವರ್ಷ. ಅಬುಧಾಬಿ ಫಂಡ್ 1971ರ ಜುಲೈಯಲ್ಲಿ. ಯುಎಇ ಎಂಬ ದೇಶ ಹುಟ್ಟಿದ್ದೇ ಆ ಡಿಸೆಂಬರಿನಲ್ಲಿ. ಅಂದರೆ ದೇಶ ಆಗುವ ಮೊದಲೇ ಕೊಡುವ ಕೈ ತಯಾರಾಗಿತ್ತು. ಯಾಕೆ ಅಂತ ನಾನು ತುಂಬ ಯೋಚನೆ ಮಾಡಿದ್ದೇನೆ. ಸಣ್ಣ ದೇಶ, ಕಡಿಮೆ ಜನ, ಸುತ್ತ ದೊಡ್ಡ ದೊಡ್ಡ ನೆರೆಯವರು, ಅಡಿಯಲ್ಲಿ ಎಲ್ಲರೂ ಆಸೆಪಡುವ ಎಣ್ಣೆ. ಇಂಥವರಿಗೆ ಸೈನ್ಯಕ್ಕಿಂತ ಸ್ನೇಹಿತರು ಬೇಕು. 1973ರಲ್ಲಿ ಎಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟು ಆದ ಮೇಲೆ ಅವರು ಕೊಟ್ಟಷ್ಟು, ತಮ್ಮ ಆದಾಯಕ್ಕೆ ಹೋಲಿಸಿದರೆ, ಯುರೋಪಿನವರೂ ಕೊಟ್ಟಿರಲಿಲ್ಲ. ಎಣ್ಣೆ ಬೆಲೆ ಇಳಿದಾಗ ಕೊಡುವುದೂ ಇಳಿಯಿತು.

ಕೊಟ್ಟದ್ದನ್ನು ನಿಲ್ಲಿಸುವುದನ್ನೂ ನಾನು ಕಂಡಿದ್ದೇನೆ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ನಾನು ಅಲ್ಲೇ ಇದ್ದೆ. ಬಸ್ಸಿನಲ್ಲಿ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನಿಗೆ ಬಂದು ಏರ್ ಇಂಡಿಯಾದಲ್ಲಿ ಊರಿಗೆ ಬಂದ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನರಲ್ಲಿ ನಾನೊಬ್ಬ. ಕೈಯಲ್ಲಿ ಇದ್ದದ್ದು ಒಂದು ಬ್ಯಾಗು, ಅದರಲ್ಲಿ ಎರಡು ಜೊತೆ ಬಟ್ಟೆ ಮತ್ತು ಕೆಲಸದ ಕಾಗದ. ಆಗ ಯೆಮನ್ ಇರಾಕಿನ ವಿರುದ್ಧ ನಿಲ್ಲಲು ಒಪ್ಪಲಿಲ್ಲ. ಸೌದಿಯವರು ಸ್ಪಾನ್ಸರ್ ಇಲ್ಲದೆ ಕೆಲಸ ಮಾಡಲಿಕ್ಕೆ ಯೆಮನಿಗಳಿಗಿದ್ದ ವಿನಾಯಿತಿ ತೆಗೆದುಹಾಕಿದರು, ಲಕ್ಷಗಟ್ಟಲೆ ಜನ ಗಂಟುಮೂಟೆ ಕಟ್ಟಿ ವಾಪಸ್ ಹೋದರು. ನವೆಂಬರ್ 29ಕ್ಕೆ ಇರಾಕಿನ ಮೇಲೆ ಬಲಪ್ರಯೋಗಕ್ಕೆ ಒಪ್ಪಿಗೆ ಕೊಡುವ ನಿರ್ಣಯ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಬಂದಾಗ ಯೆಮನ್ ಬೇಡ ಅಂತ ಮತ ಹಾಕಿತು, ಆ ಮೇಲೆ ಅಮೆರಿಕವೂ ನೆರವು ಕಡಿತ ಮಾಡಿತು. ಚಂದ್ರಗಿರಿಯವರು ಹೇಳಿದ ಮತದ ಲೆಕ್ಕ ಪುಸ್ತಕದ ಲೆಕ್ಕ ಅಲ್ಲ. ಆ ಯೆಮನಿಗಳು ನಮ್ಮ ಹಾಗೇ ಮನೆಗೆ ಹಣ ಕಳಿಸುತ್ತಿದ್ದವರು.

2018ರ ನೆರೆಯನ್ನೂ ಮಕ್ಕಳಿಗೆ ನೆನಪು ಮಾಡಿ. ಯುಎಇ 700 ಕೋಟಿ ಕೊಡುತ್ತದೆ ಅಂತ ಕೇರಳದ ಮುಖ್ಯಮಂತ್ರಿ ಹೇಳಿದರು. ಮೊತ್ತ ಇನ್ನೂ ತೀರ್ಮಾನ ಆಗಿಲ್ಲ ಅಂತ ಅಲ್ಲಿನ ರಾಯಭಾರಿ ಹೇಳಿದರು. ಕೇಂದ್ರ ಸರ್ಕಾರ ಬೇಡ ಅಂದಿತು, 2004ರ ಸುನಾಮಿಯಿಂದ ನಮ್ಮ ದೇಶದ ರೀತಿ ಅದು. ತೆಗೆದುಕೊಳ್ಳುವುದರಲ್ಲೂ ರಾಜಕೀಯ ಉಂಟು.

ಮಂಜೇಶ್ವರದಿಂದ:

ಹತ್ತಿರದ ಉದಾಹರಣೆ ಬೇಕಾದರೆ ಆಫ್ರಿಕಾಕ್ಕೆ ಯಾಕೆ ಹೋಗಬೇಕು, ಕುದುರೆಮುಖ ಉಂಟಲ್ಲ!

1973ರ ನಂತರ ಇರಾನಿನ ಕೈಯಲ್ಲಿ ಎಣ್ಣೆಯ ಹಣ ತುಂಬಿತ್ತು, ದೊಡ್ಡ ಉಕ್ಕಿನ ಕಾರ್ಖಾನೆಗಳನ್ನು ಕಟ್ಟುವ ಆಸೆ ಇತ್ತು. ನಮ್ಮಲ್ಲಿ ಅದಿರು ಇತ್ತು, ತೆಗೆಯಲು ಹಣ ಇರಲಿಲ್ಲ. 1975ರಲ್ಲಿ ಒಪ್ಪಂದ ಆಯಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ನಾವು ವರ್ಷಕ್ಕೆ 75 ಲಕ್ಷ ಟನ್ ಶುದ್ಧ ಮಾಡಿದ ಅದಿರು ಕಳಿಸುವುದು. 1976ರಲ್ಲಿ ಕಂಪನಿ ಆಯಿತು. ಘಟ್ಟದ ಮೇಲಿನಿಂದ ಪಣಂಬೂರಿನ ತನಕ 67 ಕಿಲೋಮೀಟರ್ ಪೈಪು, ಅದಿರಿನ ಹುಡಿಯನ್ನು ನೀರಿನಲ್ಲಿ ಕದಡಿ ಇಳಿಸಲಿಕ್ಕೆ. ನನ್ನ ಅಣ್ಣ ಆ ಪೈಪಿನ ಕೆಲಸಕ್ಕೆ ಹೋದವನು. ಶನಿವಾರ ಸಂಜೆ ಮನೆಗೆ ಬಂದರೆ ಅಂಗಿ, ಕಿವಿಯ ಹಿಂದೆ, ಉಗುರಿನ ಸಂದಿ ಎಲ್ಲಾ ಕಪ್ಪು ಹುಡಿ. ಅಮ್ಮ ಅವನ ಬಟ್ಟೆಯನ್ನು ಬೇರೆಯೇ ಒಗೆಯುತ್ತಿದ್ದರು.

1979ರಲ್ಲಿ ಇರಾನಿನಲ್ಲಿ ಕ್ರಾಂತಿ, ಅಲ್ಲಿನ ದೊರೆ ಶಾ ದೇಶ ಬಿಟ್ಟರು. ಸಾಲ 25.5 ಕೋಟಿ ಡಾಲರಿಗೆ ನಿಂತಿತು, ಅದಿರು ಕೊಳ್ಳುವುದೂ ನಿಂತಿತು. ಉಳಿದ ಹಣವನ್ನು ನಮ್ಮ ಸರ್ಕಾರವೇ ಹಾಕಿ 1980ಕ್ಕೆ ಕೆಲಸ ಮುಗಿಸಿತು. ಕಾರ್ಖಾನೆ ತಯಾರು, ಕೊಳ್ಳುವವರು ಇಲ್ಲ! ಬೇರೆ ದೇಶಗಳನ್ನು ಹುಡುಕಬೇಕಾಯಿತು, ಮುಂದೆ ಮಂಗಳೂರಿನಲ್ಲಿ ಅದಿರಿನ ಉಂಡೆ ಮಾಡುವ ಘಟಕವೂ ಬಂತು. ಕಾಡು ಮತ್ತು ಭದ್ರಾ ನದಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು.

ಕೊಟ್ಟವರಿಗೆ ಬೇಕಾದದ್ದು ನಮ್ಮ ಅದಿರು. ಹಾಗಂತ ಅದು ನಮಗೆ ಬೇಡದ್ದಾಗಿತ್ತಾ? ಎಷ್ಟೋ ಮನೆಯ ಒಲೆ ಉರಿದದ್ದು ಅದರಿಂದಲೇ. ಆದರೆ ಒಬ್ಬನೇ ಕೊಡುವವ, ಅವನೇ ಕೊಳ್ಳುವವ ಆದರೆ ಅವನ ಮನೆಯಲ್ಲಿ ಬೆಂಕಿ ಬಿದ್ದಾಗ ನಮ್ಮ ಒಲೆಯೂ ಆರುತ್ತದೆ.

ಮುಳ್ಳೇರಿಯದ ಪಿಜಿ ವಿದ್ಯಾರ್ಥಿ:

ಇದನ್ನೆಲ್ಲಾ ಓದಿದರೆ ನೆರವು ಅಂತ ಒಂದು ಇಲ್ಲವೇ ಇಲ್ಲ, ಎಲ್ಲಾ ವ್ಯಾಪಾರ ಅಂತ ಅನಿಸುತ್ತದೆ. ಹಾಗೇ ಹೇಳಿಬಿಡಬಹುದಲ್ಲ?

ಕುಂಬಳೆಯ ನರ್ಸ್:

ಬೇಡ ತಮ್ಮ, ಹಾಗೆ ಹೇಳಬೇಡ. ನನಗೆ ಅದು ಕೇಳಿದರೆ ಬೇಸರ ಆಗುತ್ತದೆ.

2003ರಲ್ಲಿ ಅಮೆರಿಕ ಎಚ್ಐವಿ ಔಷಧಿಗೆ ಪೆಪ್‌ಫಾರ್ ಅಂತ ಒಂದು ಯೋಜನೆ ಶುರು ಮಾಡಿತು. ಮೊದಲ ಪಟ್ಟಿಯಲ್ಲಿದ್ದ ದೇಶಗಳನ್ನು ನೋಡು. ನೈಜೀರಿಯಾದಲ್ಲಿ ಎಣ್ಣೆ ಉಂಟು, ಬೋಟ್ಸ್ವಾನಾದಲ್ಲಿ ವಜ್ರ ಉಂಟು, ಹೌದು. ರುವಾಂಡಾ, ಇಥಿಯೋಪಿಯಾ, ಹೈಟಿಯಲ್ಲಿ ಅಂಥ ಎಣ್ಣೆ ಎಲ್ಲಿ ಉಂಟು? ರೋಗ ಎಲ್ಲಿ ಇತ್ತೋ ಅಲ್ಲಿಗೆ ಹೋಯಿತು. ಅದರಿಂದ ಎರಡೂವರೆ ಕೋಟಿ ಜೀವ ಉಳಿಯಿತು ಅಂತ ಅಮೆರಿಕ ಸರ್ಕಾರದ್ದೇ ಲೆಕ್ಕ. ನಾನು ರಿಯಾದಿನಲ್ಲಿ ಕೆಲಸ ಮಾಡುವಾಗ ನನ್ನ ಜೊತೆ ರಾತ್ರಿ ಪಾಳಿಯಲ್ಲಿ ಇಥಿಯೋಪಿಯಾದ ಒಬ್ಬಳು ಇದ್ದಳು. ಅವಳ ಅಕ್ಕ ಆ ಮಾತ್ರೆಯಿಂದಲೇ ಬದುಕಿದ್ದು. ಡ್ಯೂಟಿ ರೂಮಿನಲ್ಲಿ ಫೋನಿನಲ್ಲಿ ಅಕ್ಕನ ಫೋಟೊ ತೋರಿಸುತ್ತಿದ್ದಳು, ಇಬ್ಬರು ಮಕ್ಕಳನ್ನು ತೊಡೆಯಲ್ಲಿ ಕೂರಿಸಿಕೊಂಡದ್ದು. ಅದನ್ನು ವ್ಯಾಪಾರ ಅಂತ ನಾನು ಹೇಗೆ ಹೇಳಲಿ?

ಹೆದರಿಕೆ ಆಗುವುದು ಈಗ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ಒಮ್ಮೆಲೇ ತಡೆಹಿಡಿಯಿತು, ಎಷ್ಟೋ ಕ್ಲಿನಿಕ್‌ಗಳಿಗೆ ಬೀಗ ಬಿತ್ತು. ಜುಲೈ 1ಕ್ಕೆ ಆ ನೆರವು ಹಂಚುತ್ತಿದ್ದ ಯುಎಸ್ಏಡ್ ಸಂಸ್ಥೆಯನ್ನೇ ನಿಲ್ಲಿಸಿದರು. ಅದರ ನಡುವೆ, ಏಪ್ರಿಲ್ 30ಕ್ಕೆ, ಯುಕ್ರೇನಿನ ಖನಿಜಗಳ ಬಗ್ಗೆ ಅಮೆರಿಕದ ಒಪ್ಪಂದ ಆಯಿತು. ಮಾತ್ರೆಯ ನೆರವು ಕಡಿಮೆಯಾಗಿ ಅದಿರಿನ ನೆರವು ಜಾಸ್ತಿ ಆದರೆ, ನೆಲದಡಿ ಏನೂ ಇಲ್ಲದ ದೇಶದ ರೋಗಿಗೆ ಯಾರು ದಿಕ್ಕು?

ಚಂದ್ರಗಿರಿ ದಡ:

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಒಂದು ಮಾತು ಸೇರಿಸುತ್ತೇನೆ. ಒಳ್ಳೆಯ ಉದ್ದೇಶದಿಂದ ಷರತ್ತು ಹಾಕಿದರೂ ಎಣ್ಣೆ ಹರಿಯಲು ಶುರುವಾದ ಮೇಲೆ ಷರತ್ತು ಉಳಿಯುವುದು ಕಷ್ಟ. ಚಾಡ್ ದೇಶದ ಎಣ್ಣೆಯನ್ನು ಕ್ಯಾಮರೂನಿನ ಕಡಲಿಗೆ ತರಲು ಸಾವಿರ ಕಿಲೋಮೀಟರಿಗೂ ಉದ್ದದ ಪೈಪು ಬೇಕಿತ್ತು. 2000ದಲ್ಲಿ ವಿಶ್ವಬ್ಯಾಂಕ್ ಒಪ್ಪಿಗೆ ಕೊಟ್ಟಿತು. ಎಣ್ಣೆಯ ಹಣದಲ್ಲಿ ದೊಡ್ಡ ಪಾಲು ಆರೋಗ್ಯ, ಶಿಕ್ಷಣ, ಹಳ್ಳಿಗಳಿಗೇ ಹೋಗಬೇಕು, ಮುಂದಿನ ತಲೆಮಾರಿಗೂ ಸ್ವಲ್ಪ ಎತ್ತಿಡಬೇಕು ಅಂತ ಚಾಡ್ ಕಾನೂನೇ ಮಾಡಿತು. 2003ರಲ್ಲಿ ಎಣ್ಣೆ ಹರಿಯಿತು. 2005ರ ಕೊನೆಗೆ ಸರ್ಕಾರ ಆ ಕಾನೂನನ್ನು ತಿದ್ದಿ ಭದ್ರತೆಯ ಖರ್ಚನ್ನೂ ಅದರೊಳಗೆ ಸೇರಿಸಿತು. 2006ರ ಜನವರಿಯಲ್ಲಿ ಬ್ಯಾಂಕ್ ಸಾಲ ತಡೆಹಿಡಿಯಿತು. 2008ರಲ್ಲಿ ಚಾಡ್ ಬಾಕಿಯನ್ನು ಎಣಿಸಿ ಕೊಟ್ಟು ಕೈ ತೊಳೆದುಕೊಂಡಿತು. ಎಣ್ಣೆ ಬೆಲೆ ಏರಿತ್ತು, ಅವರಿಗೆ ಬ್ಯಾಂಕ್ ಬೇಕಾಗಿರಲಿಲ್ಲ. ಇದನ್ನು ಓದುವಾಗ ನನಗೆ ತುಂಬ ಸಂಕಟ ಆಗಿತ್ತು, ಯಾಕೆಂದರೆ ಕಾಗದದಲ್ಲಿ ಅಷ್ಟು ಚೆನ್ನಾಗಿ ಬರೆದ ಯೋಜನೆ ಇನ್ನೊಂದು ಇಲ್ಲ.

ನಾರ್ವೆಯನ್ನೂ ಹೇಳಿ. 1969ರಲ್ಲಿ ಎಣ್ಣೆ ಸಿಕ್ಕಿತು, 1990ರಲ್ಲಿ ಎಣ್ಣೆಯ ಹಣ ಕೂಡಿಡುವ ನಿಧಿಗೆ ಕಾನೂನು ಮಾಡಿದರು. ಶ್ರೀಮಂತ ದೇಶಗಳು ಆದಾಯದ ನೂರಕ್ಕೆ 0.7 ಕೊಡಬೇಕು ಅಂತ ವಿಶ್ವಸಂಸ್ಥೆ 1970ರಲ್ಲಿ ಹೇಳಿದೆ, ನಾರ್ವೆ ಸುಮಾರು 1 ಕೊಡುತ್ತದೆ. ಪೂರ್ವ ತಿಮೋರ್ 2005ರಲ್ಲಿ ಎಣ್ಣೆ ನಿಧಿ ಕಟ್ಟುವಾಗ ಮಾದರಿ ತೆಗೆದುಕೊಂಡದ್ದೂ ಅವರಿಂದಲೇ.

ಗಡಿನಾಡ ಟೀಚರ್, ಬದಿಯಡ್ಕ:

ಎಲ್ಲರಿಗೂ ಮನಸಾರೆ ವಂದನೆಗಳು. ಎರಡು ಸಲ ಓದಿದೆ. ಸೋಮವಾರ ಕಾಂಗೋದಿಂದ ಶುರು ಮಾಡುವುದಿಲ್ಲ, ಪೆರ್ಲದ ಅಣ್ಣನ ಅಡಿಕೆ ಮುಂಗಡದಿಂದ ಶುರು ಮಾಡುತ್ತೇನೆ. ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆಯಲ್ಲಿ ತೋಟ ಉಂಟು, ಗೋಣಿಗೆ ಕೈ ಹಾಕಿ ನೋಡುವುದನ್ನು ಅವರೂ ನೋಡಿದವರೇ. ಅಲ್ಲಿಂದ ಅಂಗೋಲಾ, ಆಮೇಲೆ ಕುದುರೆಮುಖ. ಆ ಹುಡುಗಿಗೆ ಉಪ್ಪಳದ ಅಣ್ಣ ಬರೆದದ್ದನ್ನು ನಾನೇ ಓದಿ ಹೇಳುತ್ತೇನೆ, ನರ್ಸ್ ಅಕ್ಕನ ಪ್ರಶ್ನೆಯನ್ನು ಅವರೆಲ್ಲರಿಗೂ ಬರೆಯಲಿಕ್ಕೆ ಕೊಡುತ್ತೇನೆ.

ಮಂಜೇಶ್ವರದ ಅಣ್ಣ, ಆ ಪೈಪಿನ ಕೆಲಸದ ಫೋಟೊ ಏನಾದರೂ ಮನೆಯಲ್ಲಿ ಉಂಟಾ? ಮಕ್ಕಳಿಗೆ ತೋರಿಸಬಹುದಿತ್ತು.

ಮಂಜೇಶ್ವರದಿಂದ:

ಒಂದು ಉಂಟು ಟೀಚರೇ. ಅಣ್ಣ ಹೆಲ್ಮೆಟ್ ಹಾಕಿ ಪೈಪಿನ ಮೇಲೆ ಕೈ ಇಟ್ಟು ನಿಂತದ್ದು, ಅತ್ತಿಗೆಯ ಕಪಾಟಿನಲ್ಲಿ ಉಂಟು. ಮೂಲೆ ಸ್ವಲ್ಪ ಗೆದ್ದಲು ತಿಂದಿದೆ, ಮುಖ ಸರಿಯಾಗಿ ಕಾಣುತ್ತದೆ. ನಾಳೆ ಅತ್ತಿಗೆಯ ಹತ್ತಿರ ಕೇಳಿ ತೆಗೆದು ಇಲ್ಲಿ ಹಾಕುತ್ತೇನೆ.